ಕ್ಯಾಂಪಿಂಗಿಗೆ ಬೈಕ್ ಕಟ್ಟುವುದು: ಸಾಫ್ಟ್ ಲಗೇಜ್ ಜಾರದಂತೆ, ಸುಡದಂತೆ, ನೆನೆಯದಂತೆ

ಸಕಲೇಶಪುರದ ಕಡೆ ಟೆಂಟ್ ಹಾಕೋಣ ಅಂತ ಹೊರಟರೆ ಪ್ರತಿ ಸಲ ಒಂದೇ ಕತೆ. ಬೆಂಗಳೂರಿನಿಂದ ಬೆಳಗ್ಗೆ 5ಕ್ಕೆ ಹೊರಡುತ್ತೇವೆ. ಕುಣಿಗಲ್ ದಾಟುವಷ್ಟರಲ್ಲಿ ಯಾರದೋ ಟೇಲ್ ಬ್ಯಾಗ್ ಒಂದು ಪಕ್ಕಕ್ಕೆ ವಾಲಿರುತ್ತದೆ. ಚನ್ನರಾಯಪಟ್ಟಣದ ಹೊತ್ತಿಗೆ ಇನ್ನೊಬ್ಬರ ಪಟ್ಟಿ ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಇಡ್ಲಿ ತಿನ್ನೋಕೆ ಇಪ್ಪತ್ತು ನಿಮಿಷ, ಲಗೇಜ್ ಬಿಚ್ಚಿ ಮತ್ತೆ ಕಟ್ಟೋಕೆ ಒಂದು ಗಂಟೆ.

ಹೀಗಾಗುವುದು ಬ್ಯಾಗ್ ಕೆಟ್ಟದಾಗಿದ್ದಕ್ಕಲ್ಲ. ಎಲ್ಲರೂ ಒಳ್ಳೆಯ ಬ್ಯಾಗೇ ತಂದಿರುತ್ತಾರೆ. ಎಡವುತ್ತಿರುವುದು ಕ್ರಮದಲ್ಲಿ. ಮೊದಲು ಸಾಮಾನು ಗುಡ್ಡೆ ಹಾಕಿ, ಅದನ್ನು ಬ್ಯಾಗಿಗೆ ತುರುಕಿ, ಕೊನೆಗೆ ಆ ಮೂಟೆಯನ್ನು ಗಾಡಿಗೆ ಎಲ್ಲಿ ಕಟ್ಟೋದು ಅಂತ ಯೋಚಿಸುತ್ತಾರೆ. ಇದನ್ನು ತಿರುಗಿಸಿ. ಮೊದಲು ಗಾಡಿ, ಆಮೇಲೆ ಖಾಲಿ ಬ್ಯಾಗ್, ಕೊನೆಗೆ ಸಾಮಾನು. ಕೆಳಗಿನ ಹಂತಗಳು ಇರುವುದು ಇದೇ ಕ್ರಮದಲ್ಲಿ. ನಡುವಿನಿಂದ ಶುರು ಮಾಡಬೇಡಿ.

ಒಬ್ಬರೇ ಸವಾರರು, ಮೂರು ದಿನ, ಎರಡು ರಾತ್ರಿ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹಿಮಾಲಯನ್, ಎಕ್ಸ್‌ಪಲ್ಸ್, 390 ಅಡ್ವೆಂಚರ್ ಥರದ ಗಾಡಿಗಳಿಗೆ ಇದು ಹೊಂದುತ್ತದೆ. ಹಿಂದೆ ಇನ್ನೊಬ್ಬರು ಕೂರುವುದಾದರೆ ಲೆಕ್ಕವೇ ಬೇರೆ.

## ಮೊದಲು ಕೈಯಲ್ಲಿ ಏನೇನಿರಬೇಕು

ಸಾಫ್ಟ್ ಲಗೇಜ್ ಅಂದರೆ ಗಟ್ಟಿ ಪೆಟ್ಟಿಗೆಯಲ್ಲ, ಮೆತ್ತನೆ ಬ್ಯಾಗುಗಳು. ಅವು ಮೂರು ಬಗೆ. ಸೀಟಿನ ಎರಡೂ ಬದಿ ಇಳಿಬೀಳುವ ಸ್ಯಾಡಲ್ ಬ್ಯಾಗ್ ಜೋಡಿ, ಒಂದೊಂದೂ 20ರಿಂದ 30 ಲೀಟರ್. ಸೀಟಿನ ಮೇಲೆ ಅಡ್ಡ ಕೂರುವ ಟೇಲ್ ಬ್ಯಾಗ್, 30ರಿಂದ 50 ಲೀಟರ್. ಬೇಕಿದ್ದರೆ ಸಣ್ಣ ಟ್ಯಾಂಕ್ ಬ್ಯಾಗ್.

ಸ್ಯಾಡಲ್ ಬ್ಯಾಗ್ ಚಕ್ರದ ಕಡೆ ಹೋಗದಂತೆ ತಡೆಯುವ ಕಬ್ಬಿಣದ ಸ್ಯಾಡಲ್ ಸ್ಟೇ ಬೇಕೇ ಬೇಕು. ಇದಿಲ್ಲದೆ ಹೊರಡಬೇಡಿ. ಗುಂಡಿಗೆ ಇಳಿದಾಗ ಚಕ್ರ ಮೇಲೆ ಬರುತ್ತದೆ, ಅದೇ ಹೊತ್ತಿಗೆ ಬ್ಯಾಗ್ ಒಳಗೆ ತೂಗುತ್ತದೆ. ಎರಡೂ ಒಂದನ್ನೊಂದು ಮುಟ್ಟಿದರೆ ಬ್ಯಾಗ್ ಹರಿಯುತ್ತದೆ. ನಸೀಬು ಕೆಟ್ಟರೆ ಚಕ್ರವೇ ಹಿಡಿದುಕೊಳ್ಳುತ್ತದೆ.

ಇದರ ಜೊತೆ ಇವನ್ನು ಎತ್ತಿಡಿ:

- ಒಂದಿಂಚು ಅಗಲದ, ಲೋಹದ ಕ್ಯಾಮ್ ಬಕಲ್ (ಎಳೆದರೆ ಹಿಡಿದುಕೊಳ್ಳುವ, ಒತ್ತಿದರೆ ಬಿಡುವ ಬಕಲ್) ಇರುವ ನೈಲಾನ್ ಪಟ್ಟಿ, ಒಂದೂವರೆಯಿಂದ ಎರಡು ಮೀಟರ್ ಉದ್ದದ್ದು, ನಾಲ್ಕು. ಮೇಲೆ ಒಂದು ಹೆಚ್ಚುವರಿ.
- ಲಗೇಜ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ.
- ಹಳೇ ಸೈಕಲ್ ಟ್ಯೂಬು. ಅಡ್ಡಕ್ಕೆ ಕತ್ತರಿಸಿದರೆ ಗಟ್ಟಿ ರಬ್ಬರ್ ಬ್ಯಾಂಡ್, ಉದ್ದಕ್ಕೆ ಸೀಳಿದರೆ ಗೀರು ಬೀಳದಂತೆ ಹಾಕುವ ಮೆತ್ತೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ.
- ದಪ್ಪ ಕಪ್ಪು ಕಸದ ಚೀಲ ನಾಲ್ಕೈದು, ಜಿಪ್ ಟೈ ಹತ್ತು, ಒಂದು ಸುತ್ತು ಇನ್ಸುಲೇಶನ್ ಟೇಪು.
- ಅಂಗೈಯಗಲದ ಪ್ಲೈವುಡ್ ತುಂಡು, ಅದಕ್ಕೊಂದು ದಾರ. ಸೈಡ್ ಸ್ಟ್ಯಾಂಡ್ ಮಣ್ಣಿನಲ್ಲಿ ಹೂತುಹೋಗದಂತೆ ಅಡಿಗೆ ಇಡುವುದಕ್ಕೆ.

ಕೊಕ್ಕೆ ಇರುವ ಬಂಜಿ ಹಗ್ಗವನ್ನು ಈ ಸಾಮಾನಿನ ಲಿಸ್ಟಿನಲ್ಲಿ ಸೇರಿಸಿಲ್ಲ. ಮರೆತದ್ದಲ್ಲ. ಬಂಜಿ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಹಂಪ್ ಮೇಲೆ ಬ್ಯಾಗ್ ಹಾರಿದರೆ ಜೊತೆಗೆ ಅದೂ ಹಿಗ್ಗಿ, ಕೊಕ್ಕೆ ಕಳಚಿಕೊಳ್ಳುತ್ತದೆ. ಬಿಗಿಯಾಗಿ ಎಳೆದ ಕೊಕ್ಕೆ ಕೈತಪ್ಪಿದರೆ ನೇರ ಮುಖಕ್ಕೇ ಬಂದು ಬಡಿಯುತ್ತದೆ. ಒದ್ದೆ ಟವಲ್ ಸಿಕ್ಕಿಸಲು ಸಾಕು, ಟೆಂಟ್ ಕಟ್ಟಲು ಬೇಡ. ಲಾರಿಯವರು ಬಳಸುವ ರಾಚೆಟ್ ಪಟ್ಟಿಯೂ ಬೇಡ. ಅದರ ಹಿಡಿತ ಅತಿಯಾಗಿ ಗ್ರ್ಯಾಬ್ ಹ್ಯಾಂಡಲ್ ಬಾಗುತ್ತದೆ. ಒಳಗಿನ ಮೆತ್ತನೆ ಸಾಮಾನು ಸ್ವಲ್ಪ ತಗ್ಗಿದ ಕೂಡಲೇ ಸಡಿಲವೂ ಆಗುತ್ತದೆ.

## ಹಂತ 1: ಗಾಡಿಯ ಸುತ್ತ ಒಂದು ಸುತ್ತು

ಬ್ಯಾಗ್ ಮುಟ್ಟುವ ಮುಂಚೆ ಗಾಡಿ ತೊಳೆದು ಒರೆಸಿ. ಕೆಸರು ಮೆತ್ತಿದ ಪ್ಯಾನೆಲ್ ಮೇಲೆ ಬ್ಯಾಗ್ ಕಟ್ಟಿದರೆ ಮೂರು ದಿನದಲ್ಲಿ ಮರಳು ಕಾಗದ ಉಜ್ಜಿದ ಹಾಗಾಗುತ್ತದೆ. ಬ್ಯಾಗ್ ತಾಗುವ ಜಾಗಕ್ಕೆಲ್ಲ ಟ್ಯೂಬಿನ ಸೀಳು ಅಂಟಿಸಿ.

ಈಗ ಮೂರು ಸಂಗತಿ ನೋಡಿ.

ಒಂದು, ಸೈಲೆನ್ಸರ್. ಅದು ಎಲ್ಲಿ ಹಾದುಹೋಗುತ್ತದೆ, ಬಾಯಿ ಯಾವ ಕಡೆ ತಿರುಗಿದೆ? ಎಕ್ಸ್‌ಪಲ್ಸ್ 200ರಲ್ಲಿ ಬಲಕ್ಕೆ ಎತ್ತರದಲ್ಲಿ ಹೋಗುತ್ತದೆ. ಹಿಮಾಲಯನ್ 411ರಲ್ಲೂ ಬಲಕ್ಕೇ ಇದೆ. ಪೈಪಿಗೂ ಬ್ಯಾಗಿಗೂ ನಾಲ್ಕು ಬೆರಳಾದರೂ ಅಂತರ ಬೇಕು. ಪೈಪ್ ಮಾತ್ರ ನೋಡಿದರೆ ಸಾಲದು, ಬಾಯಿಯ ಹಿಂದೆ ಬರುವ ಬಿಸಿ ಗಾಳಿಯ ದಾರಿಯೂ ಖಾಲಿ ಇರಬೇಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಚಾರ್ಮಾಡಿ ಘಾಟಿ ಹತ್ತುವಾಗ ನನಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಲಾರಿಯ ಬ್ರೇಕ್ ಇರಬೇಕು ಅಂದುಕೊಂಡೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೋಡಿದರೆ ಬಲಗಡೆ ಬ್ಯಾಗಿನ ತಳದಲ್ಲಿ ಅಂಗೈಯಷ್ಟು ತೂತು. ಅದರೊಳಗಿನ ಸ್ಲೀಪಿಂಗ್ ಬ್ಯಾಗ್ ಕರಗಿ ಕಪ್ಪು ಅಂಟಿನ ಉಂಡೆಯಾಗಿತ್ತು. ಮನೆಯಲ್ಲಿ ಕಟ್ಟುವಾಗ ನಾಲ್ಕು ಬೆರಳಿನ ಅಂತರವೇ ಇತ್ತು. ಆಮೇಲೆ ತುಂಬಿದ ಭಾರಕ್ಕೆ ಬ್ಯಾಗ್ ಜಗ್ಗಿ ಕೆಳಗಿಳಿದಿತ್ತು. ಅಂದರೆ ಅಂತರ ಅಳೆಯಬೇಕಾದದ್ದು ಬ್ಯಾಗ್ ತುಂಬಿದ ಮೇಲೆ. ಹೀಟ್ ಶೀಲ್ಡ್ ಹಾಕಿಸಿದ್ದರೂ ಈ ಅಳತೆ ತಪ್ಪಿಸಬೇಡಿ.

ಎರಡು, ದೀಪಗಳು. ಹಿಂದಿನ ಇಂಡಿಕೇಟರ್, ಬ್ರೇಕ್ ಲೈಟ್, ನಂಬರ್ ಪ್ಲೇಟ್ ಮುಚ್ಚಿಹೋಗಬಾರದು. ಹಿಂದಿನಿಂದ ಬರುವ ಬಸ್ ಚಾಲಕನ ಕಣ್ಣಿಗೆ ಅವು ಕಾಣಬೇಕು.

ಮೂರು, ಪಟ್ಟಿ ಕಟ್ಟುವ ಜಾಗ. ಹಿಂದೆ ಕೂರುವವರ ಫುಟ್‌ಪೆಗ್‌ನ ಬ್ರಾಕೆಟ್, ಸೀಟಿನ ಕೆಳಗಿನ ಚೌಕಟ್ಟು, ಕ್ಯಾರಿಯರ್, ಗ್ರ್ಯಾಬ್ ಹ್ಯಾಂಡಲ್, ಇವೆಲ್ಲ ಆಗುತ್ತವೆ. ಇಂಡಿಕೇಟರಿನ ಕಾಂಡ, ಪ್ಲಾಸ್ಟಿಕ್ ಪ್ಯಾನೆಲ್, ಸೈಲೆನ್ಸರಿನ ಬ್ರಾಕೆಟ್ ಆಗುವುದಿಲ್ಲ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್‌ಗಂತೂ ಎಂದೂ ಕಟ್ಟಬೇಡಿ. ಅದು ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ. ಪಟ್ಟಿ ಒಮ್ಮೆ ಬಿಗಿ, ಒಮ್ಮೆ ಸಡಿಲ ಆಗುತ್ತಾ ಬ್ಯಾಗ್ ತಾನಾಗಿಯೇ ಕಳಚುತ್ತದೆ.

ಎಡಕ್ಕೆರಡು, ಬಲಕ್ಕೆರಡು, ಒಟ್ಟು ನಾಲ್ಕು ಜಾಗ ಗುರುತಿಸಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಕ್ಯಾಂಪಿನ ಬೆಳಗಿನ ಚಳಿಯಲ್ಲಿ ಇದು ನೆನಪಿಗೆ ಬರುವುದಿಲ್ಲ.

## ಹಂತ 2: ತೂಕ ಹಾಕಿ, ಅಂದಾಜು ಬೇಡ

ನಿಮ್ಮ ಗಾಡಿಯ ಪುಸ್ತಕದಲ್ಲಿ ಅದು ಒಟ್ಟು ಎಷ್ಟು ತೂಕ ಹೊರಬಹುದು ಅಂತ ಬರೆದಿರುತ್ತದೆ. ಅದರಲ್ಲಿ ಗಾಡಿಯ ತೂಕ ಕಳೆಯಿರಿ. ನಿಮ್ಮ ತೂಕ ಕಳೆಯಿರಿ. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ಸುಮಾರು 8 ಕೆಜಿ ಕಳೆಯಿರಿ. ಸ್ಟೇ ಮತ್ತು ಖಾಲಿ ಬ್ಯಾಗುಗಳಿಗೆ 10 ಕೆಜಿ ಹಿಡಿಯಿರಿ. ಉಳಿದದ್ದು ಸಾಮಾನಿನ ಪಾಲು. ಆ ಪಾಲನ್ನೂ ಪೂರ್ತಿ ತುಂಬಬೇಡಿ. ಬ್ಯಾಗಿನ ಮೇಲೆ ಮತ್ತು ಕ್ಯಾರಿಯರ್ ಮೇಲೆ ಬೇರೆಯದೇ ಮಿತಿ ಬರೆದಿದ್ದರೆ ಅದನ್ನೂ ಮೀರಬೇಡಿ.

ಮೂರು ದಿನಕ್ಕೆ ನನ್ನದು ಸುಮಾರು ಹೀಗಿರುತ್ತದೆ. ಇಬ್ಬರ ಟೆಂಟ್ 3 ಕೆಜಿ. ಸ್ಲೀಪಿಂಗ್ ಬ್ಯಾಗ್ ಒಂದೂವರೆ. ಚಾಪೆ ಅರ್ಧ. ಸ್ಟೌ, ಗ್ಯಾಸ್, ಎರಡು ಪಾತ್ರೆ ಒಂದೂವರೆ. ಪಂಕ್ಚರ್ ಕಿಟ್, ಪಂಪ್, ಟ್ಯೂಬ್, ಸ್ಪ್ಯಾನರು ನಾಲ್ಕೂವರೆ. ನೀರು 3. ಅವಲಕ್ಕಿ, ಉಪ್ಪಿಟ್ಟಿನ ರವೆ, ಚಟ್ನಿಪುಡಿ ಎಲ್ಲ ಸೇರಿ 2. ಬಟ್ಟೆ 3. ಮಳೆಕೋಟು ಒಂದೂವರೆ. ಔಷಧಿ, ಟಾರ್ಚ್, ಪವರ್ ಬ್ಯಾಂಕ್ ಇನ್ನೊಂದು ಒಂದೂವರೆ. ಒಟ್ಟು 22 ಕೆಜಿ.

ನಿಮ್ಮದು 30 ದಾಟಿದ್ದರೆ ಬಟ್ಟೆ ಮತ್ತು ಅಡುಗೆ ಸಾಮಾನು ಮತ್ತೆ ಬಿಚ್ಚಿ ನೋಡಿ. ಹೆಚ್ಚಾಗಿರುವುದು ಬಹುತೇಕ ಅಲ್ಲೇ. ಮೂರನೇ ಜೀನ್ಸ್ ಪ್ಯಾಂಟ್, ಕಬ್ಬಿಣದ ಬಾಣಲೆ, ಮಡಚುವ ಕುರ್ಚಿ. ಪಂಕ್ಚರ್ ಸಾಮಾನನ್ನು ಮಾತ್ರ ಕಡಿಮೆ ಮಾಡಬೇಡಿ. ಬಿಸಿಲೆಯ ಕಡೆ ಕಾಡಿನ ರಸ್ತೆಯಲ್ಲಿ ಟ್ಯೂಬ್ ಟೈರ್ ಪಂಕ್ಚರ್ ಆದರೆ ನಿಮಗೆ ನೀವೇ ದಿಕ್ಕು.

## ಹಂತ 3: ಖಾಲಿ ಸ್ಯಾಡಲ್ ಬ್ಯಾಗ್ ಕಟ್ಟಿ

ಸೆಂಟರ್ ಸ್ಟ್ಯಾಂಡ್ ಇದ್ದರೆ ಗಾಡಿಯನ್ನು ಅದರ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಗಾಡಿ ನೆಟ್ಟಗೆ ಹಿಡಿದುಕೊಳ್ಳಲು ಒಬ್ಬರನ್ನು ಕರೆಯಿರಿ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿದ ಗಾಡಿಗೆ ಕಟ್ಟಿದರೆ ಎಡಗಡೆ ಬ್ಯಾಗ್ ತಗ್ಗಿನಲ್ಲಿ ಕೂರುತ್ತದೆ. ರಸ್ತೆಗೆ ಬಂದ ಮೇಲೆಯೇ ಅದು ಗೊತ್ತಾಗುವುದು.

ಎರಡೂ ಬ್ಯಾಗನ್ನು ಸೇರಿಸುವ ಪಟ್ಟಿ ಸೀಟಿನ ಮೇಲೆ ಅಡ್ಡ ಹೋಗಲಿ. ಸೀಟು ಬಿಚ್ಚಲು ಬರುವುದಾದರೆ ಅದರ ಕೆಳಗೆ ಹಾಯಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಬ್ಯಾಗುಗಳನ್ನು ಆದಷ್ಟು ಮುಂದಕ್ಕೆ ತಳ್ಳಿ. ನಿಮ್ಮ ತೊಡೆಯ ಹಿಂಭಾಗಕ್ಕೆ ತಾಗುವಷ್ಟು ಮುಂದೆ ಬೇಡ, ನಿಂತು ಸವಾರಿ ಮಾಡುವಾಗ ಮೀನಖಂಡಕ್ಕೆ ಸಿಗುತ್ತದೆ. ಅದಕ್ಕಿಂತ ಎರಡು ಬೆರಳು ಹಿಂದೆ ಸರಿಯಾದ ಜಾಗ.

ಕೆಳಗಿನ ಪಟ್ಟಿಗಳನ್ನು ಸ್ಟೇಗೆ ಕಟ್ಟಿ. ಮುಂದಿನ ಪಟ್ಟಿ ಬ್ಯಾಗನ್ನು ಮುಂದಕ್ಕೆ, ಹಿಂದಿನದು ಹಿಂದಕ್ಕೆ ಎಳೆಯಬೇಕು. ಆಗ ಬ್ಯಾಗ್ ಆಚೀಚೆ ಜಾರುವುದಿಲ್ಲ. ಈಗ ಐದು ಹೆಜ್ಜೆ ಹಿಂದೆ ನಿಂತು ನೋಡಿ. ಎರಡೂ ಒಂದೇ ಎತ್ತರದಲ್ಲಿವೆಯಾ? ಎರಡೂ ಬ್ಯಾಗಿನ ಅಗಲ ಹ್ಯಾಂಡಲ್ ಬಾರಿಗಿಂತ ಕಡಿಮೆ ಇದೆಯಾ? ಹ್ಯಾಂಡಲ್ ನುಗ್ಗಿದ ಸಂದಿಯಲ್ಲಿ ಬ್ಯಾಗೂ ನುಗ್ಗಬೇಕು.

## ಹಂತ 4: ಯಾವುದು ಎಲ್ಲಿಗೆ

ಭಾರದ್ದು ಕೆಳಗೆ, ಮುಂದೆ, ಒಳಮಗ್ಗುಲಿಗೆ. ಹಗುರದ್ದು ಮೇಲೆ, ಹಿಂದೆ. ಇದು ಎಲ್ಲರಿಗೂ ಗೊತ್ತು. ಆದರೂ ತಪ್ಪುತ್ತದೆ, ಯಾಕೆಂದರೆ ಸಾಮಾನು ಕೈಗೆ ಸಿಕ್ಕ ಹಾಗೆ ತುಂಬುತ್ತೇವೆ. ನೆಲದ ಮೇಲೆ ಮೊದಲು ನಾಲ್ಕು ಗುಡ್ಡೆ ಮಾಡಿ: ಎಡ, ಬಲ, ಟೇಲ್, ಕೈಗೆ ಸಿಗಬೇಕಾದದ್ದು. ಆಮೇಲೆ ತುಂಬಿ.

ಎಡಗಡೆ ಬ್ಯಾಗ್. ಸೈಲೆನ್ಸರ್ ಇಲ್ಲದ ಬದಿ ಅಂತಿಟ್ಟುಕೊಳ್ಳಿ. ಸ್ಪ್ಯಾನರು, ಪಂಪ್, ಟ್ಯೂಬ್ ತಳದಲ್ಲಿ, ಮುಂದಿನ ಮೂಲೆಗೆ. ಚೂಪು ತುದಿಗಳಿಗೆ ಹಳೇ ಬನಿಯನ್ ಸುತ್ತಿ. ಸುತ್ತದಿದ್ದರೆ ಎರಡೇ ದಿನದಲ್ಲಿ ಬ್ಯಾಗ್ ಒಳಗಿನಿಂದ ತೂತಾಗುತ್ತದೆ. ಅದರ ಮೇಲೆ ಪಾತ್ರೆ, ಸ್ಟೌ. ಗ್ಯಾಸ್ ಡಬ್ಬಿ ಇದೇ ಬದಿಗೆ, ಮುಚ್ಚಳ ಹಾಕಿ, ಸ್ಟೌವಿನಿಂದ ಬಿಡಿಸಿ, ಪಾತ್ರೆಯೊಳಗೆ ಬಟ್ಟೆ ಸುತ್ತಿ ಇಡಿ. 50 ಡಿಗ್ರಿ ಮೀರಿದ ಬಿಸಿಗೆ ಒಡ್ಡಬಾರದು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ಸೈಲೆನ್ಸರಿನ ಬದಿಗೆ ಎಷ್ಟೇ ಸುತ್ತಿದರೂ ಬೇಡ.

ಬಲಗಡೆ ಬ್ಯಾಗ್. ತಳದಲ್ಲಿ ನೀರು, ಅದರ ಮೇಲೆ ಊಟದ ಸಾಮಾನು, ಮೇಲೆ ಬಟ್ಟೆ. ತಳದಲ್ಲಿ ಸುಲಭವಾಗಿ ಕರಗುವಂಥದ್ದು ಯಾವುದೂ ಬೇಡ. ಹಿಮಾಲಯನ್ 411ರಲ್ಲಿ ಟ್ಯಾಂಕಿನ ಎರಡೂ ಬದಿ ಜೆರ್ರಿ ಕ್ಯಾನ್ ಕಟ್ಟುವ ಕಂಬಿ ಇದೆಯಲ್ಲ, ನೀರಿಗೆ ಅದು ಇನ್ನೂ ಒಳ್ಳೆಯ ಜಾಗ. ಭಾರ ಮುಂದಕ್ಕೆ ಬಂದು ಮುಂದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ. ಎರಡೂ ಬದಿ ಸಮ ಇಡಿ, ಕುಡಿಯುವಾಗಲೂ ಒಂದೊಂದು ಬದಿಯಿಂದ ಕುಡಿಯಿರಿ.

ಟೇಲ್ ಬ್ಯಾಗ್. ಸ್ಲೀಪಿಂಗ್ ಬ್ಯಾಗ್, ಚಾಪೆ, ರಾತ್ರಿಯ ಬೆಚ್ಚನೆ ಬಟ್ಟೆ. ಟೆಂಟಿನ ಕಂಬಿಗಳನ್ನು ಬೇರೆ ತೆಗೆದು ಬ್ಯಾಗಿನ ಉದ್ದಕ್ಕೆ ಮಲಗಿಸಿ. ಬ್ಯಾಗಿಗೆ ಅದು ಬೆನ್ನೆಲುಬಿನ ಹಾಗೆ ಆಗುತ್ತದೆ, ನಡುವೆ ಮಡಚಿಕೊಳ್ಳುವುದಿಲ್ಲ. ಟೆಂಟಿನ ಬಟ್ಟೆ ಮೇಲೆ, ಕೊನೆಯಲ್ಲಿ. ಯಾಕೆಂದರೆ ಕ್ಯಾಂಪಿನಲ್ಲಿ ಮೊದಲು ಬೇಕಾಗುವುದು ಅದೇ. ಮಳೆ ಬರುತ್ತಿದ್ದರಂತೂ ಟೆಂಟ್ ಎದ್ದು ನಿಂತ ಮೇಲೆಯೇ ಮಿಕ್ಕದ್ದು ಬಿಚ್ಚಬೇಕು.

ಕೈಗೆ ಸಿಗಬೇಕಾದದ್ದು. ಮಳೆಕೋಟು, ಟಾರ್ಚ್, ಔಷಧಿ, ಗಾಡಿಯ ಕಾಗದ ಪತ್ರ, ಒಂದು ಬಾಟಲಿ ನೀರು. ಯಾವ ಪಟ್ಟಿಯನ್ನೂ ಬಿಚ್ಚದೆ ಇವು ಸಿಗಬೇಕು. ಮಲೆನಾಡಿನಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಮಳೆಕೋಟು ತೆಗೆಯಲು ನಾಲ್ಕು ಬಕಲ್ ಬಿಚ್ಚಬೇಕಾದರೆ ಅಷ್ಟರಲ್ಲಿ ನೀವೂ ತೊಯ್ದಿರುತ್ತೀರಿ, ಬ್ಯಾಗಿನ ಒಳಗೂ ನೀರು ಇಳಿದಿರುತ್ತದೆ.

ತುಂಬಿದ ಮೇಲೆ ಎಡ, ಬಲ ಎರಡನ್ನೂ ತಕ್ಕಡಿಗೆ ಹಾಕಿ. ವ್ಯತ್ಯಾಸ 1 ಕೆಜಿ ಒಳಗೆ ಇರಲಿ. ಕೈಯಲ್ಲಿ ಎತ್ತಿ ನೋಡಿ ಸಮ ಅಂದುಕೊಂಡ ಬ್ಯಾಗುಗಳಲ್ಲಿ ಮೂರು ಕೆಜಿ ವ್ಯತ್ಯಾಸ ನಾನು ಎಷ್ಟೋ ಸಲ ಕಂಡಿದ್ದೇನೆ. ತೂಕ ಸಮ ಆದ ಮೇಲೆ ಬ್ಯಾಗ್ ಮತ್ತೆ ಕಟ್ಟಿ, ಸೈಲೆನ್ಸರಿನ ಅಂತರ ಇನ್ನೊಮ್ಮೆ ಅಳೆಯಿರಿ.

ಬ್ಯಾಗ್ ಅರ್ಧ ಖಾಲಿ ಉಳಿದಿದ್ದರೆ ಬದಿಯ ಪಟ್ಟಿ ಎಳೆದು ಕುಗ್ಗಿಸಿ. ಒಳಗೆ ಜಾಗ ಇದ್ದರೆ ಸಾಮಾನು ಕುಣಿಯುತ್ತದೆ. ಕುಣಿದ ಸಾಮಾನು ಒಂದನ್ನೊಂದು ತಿಂದುಹಾಕುತ್ತದೆ.

## ಹಂತ 5: ನೀರು ಒಳಗೆ ಬಾರದಂತೆ

ಬ್ಯಾಗಿನ ಜೊತೆ ಬರುವ ರೇನ್ ಕವರನ್ನು ನಂಬಿ ಕೂರಬೇಡಿ. ಮೇಲಿನ ಮಳೆಯನ್ನು ಅದು ತಡೆಯುತ್ತದೆ, ಹಿಂದಿನ ಚಕ್ರ ಕೆಳಗಿನಿಂದ ಎರಚುವ ನೀರನ್ನು ತಡೆಯುವುದಿಲ್ಲ. ಆ ನೀರು ಕವರಿನೊಳಗೇ ನಿಂತು, ಬ್ಯಾಗ್ ಬಕೆಟಿನ ಹಾಗಾಗುತ್ತದೆ. ವೇಗಕ್ಕೆ ಕವರ್ ಗಾಳಿ ತುಂಬಿಕೊಂಡು ಹಾರಿಹೋಗುವುದೂ ಉಂಟು.

ನೀರನ್ನು ಒಳಗಿನಿಂದ ತಡೆಯಿರಿ. ಪ್ರತಿ ಬ್ಯಾಗಿನೊಳಗೆ ಒಂದು ಡ್ರೈ ಬ್ಯಾಗ್ (ಬಾಯಿ ಸುತ್ತಿ ಮುಚ್ಚುವ, ನೀರು ಇಳಿಯದ ಚೀಲ), ಇಲ್ಲವೇ ಎರಡು ಪದರ ದಪ್ಪ ಕಸದ ಚೀಲ. ಸಾಮಾನು ಹಾಕಿ, ಮಂಡಿಯಿಂದ ಒತ್ತಿ ಗಾಳಿ ಹೊರಹಾಕಿ, ಬಾಯಿಯನ್ನು ಒಂದೇ ದಿಕ್ಕಿಗೆ ಕನಿಷ್ಠ ಮೂರು ಸುತ್ತು ಸುತ್ತಿ, ಆಮೇಲೆ ಬಕಲ್ ಹಾಕಿ. ಒಂದೇ ಸುತ್ತು ಹಾಕಿ ಬಕಲ್ ಒತ್ತಿದರೆ ನೀರು ಸಲೀಸಾಗಿ ಇಳಿಯುತ್ತದೆ. ಮೂರು ಸುತ್ತಿಗೆ ಬಟ್ಟೆ ಸಾಲದಿದ್ದರೆ ಜಾಸ್ತಿ ತುಂಬಿದ್ದೀರಿ ಅಂತ ಅರ್ಥ.

ಸ್ಲೀಪಿಂಗ್ ಬ್ಯಾಗಿಗೆ ಮಾತ್ರ ಪ್ರತ್ಯೇಕ ಚೀಲ, ಅದರ ಮೇಲೆ ಇನ್ನೊಂದು. ಬಟ್ಟೆ ನೆನೆದರೆ ಬೆಂಕಿಯ ಹತ್ತಿರ ಒಣಗಿಸಬಹುದು. ಸ್ಲೀಪಿಂಗ್ ಬ್ಯಾಗ್ ನೆನೆದರೆ ಆ ರಾತ್ರಿ ನಿದ್ದೆ ಇಲ್ಲ.

ಒದ್ದೆ ಟೆಂಟಿಗೆ ಒಂದು ಖಾಲಿ ಚೀಲ ಈಗಲೇ ಇಟ್ಟುಕೊಳ್ಳಿ. ಮಳೆ ಇಲ್ಲದ ಡಿಸೆಂಬರಿನಲ್ಲೂ ಮಲೆನಾಡಿನ ಇಬ್ಬನಿಗೆ ಟೆಂಟ್ ಬೆಳಗ್ಗೆ ಹಿಂಡುವಷ್ಟು ನೆನೆದಿರುತ್ತದೆ.

## ಹಂತ 6: ಟೇಲ್ ಬ್ಯಾಗ್ ಕಟ್ಟುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ನಿಧಾನವಾಗಿ ಮಾಡಿ.

1. ಬ್ಯಾಗ್ ಇಡುವ ಮುಂಚೆ ನಾಲ್ಕೂ ಪಟ್ಟಿಗಳನ್ನು ಗುರುತಿಸಿದ ನಾಲ್ಕು ಜಾಗಕ್ಕೆ ಹಾಕಿ. ಬ್ಯಾಗ್ ಇಟ್ಟ ಮೇಲೆ ಆ ಸಂದಿಗೆ ಕೈ ಹೋಗುವುದಿಲ್ಲ.

2. ಬ್ಯಾಗನ್ನು ಹಿಂದೆ ಕೂರುವವರ ಸೀಟಿನ ಮೇಲೆ ಇಡಿ, ಕ್ಯಾರಿಯರಿನ ತುದಿಯಲ್ಲಿ ಅಲ್ಲ. ಹಿಂದಿನ ಆಕ್ಸಲ್ ದಾಟಿ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ನಿಮ್ಮ ಸೊಂಟಕ್ಕೆ ಸ್ವಲ್ಪ ಒರಗು ಸಿಗುವಷ್ಟು ಹತ್ತಿರ ಇರಲಿ, ನಿಮ್ಮನ್ನು ಟ್ಯಾಂಕಿನ ಕಡೆ ತಳ್ಳುವಷ್ಟು ಬೇಡ.

3. ಮೊದಲು ಮುಂದಿನ ಎರಡು ಪಟ್ಟಿ. ಅವು ಬ್ಯಾಗನ್ನು ಕೆಳಗೂ ಮುಂದಕ್ಕೂ ಎಳೆಯಬೇಕು. ಅರ್ಧ ಬಿಗಿ ಮಾಡಿ ನಿಲ್ಲಿಸಿ.

4. ಈಗ ಹಿಂದಿನ ಎರಡು, ಕೆಳಗೂ ಹಿಂದಕ್ಕೂ. ಇವನ್ನೂ ಅರ್ಧ ಬಿಗಿ ಮಾಡಿ.

5. ಇನ್ನು ಕರ್ಣದ ಲೆಕ್ಕದಲ್ಲಿ ಬಿಗಿಯಿರಿ. ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ, ಹಿಂದಿನ ಎಡ. ಒಂದನ್ನೇ ಪೂರ್ತಿ ಎಳೆದರೆ ಬ್ಯಾಗ್ ಆ ಕಡೆಗೇ ವಾಲುತ್ತದೆ. ಕುಣಿಗಲ್ ಹತ್ತಿರ ವಾಲುವ ಬ್ಯಾಗುಗಳೆಲ್ಲ ಹೀಗೆ ಕಟ್ಟಿದವೇ.

6. ಪ್ರತಿ ಪಟ್ಟಿಗೂ ಒಂದು ತಿರುಚು ಕೊಡಿ. ಚಪ್ಪಟೆ ಪಟ್ಟಿ ಗಾಳಿಗೆ ಝೇಂಕರಿಸುತ್ತದೆ, ತಿರುಚಿದ್ದು ಸುಮ್ಮನಿರುತ್ತದೆ.

7. ಉಳಿದ ಬಾಲಗಳನ್ನು ಸುರುಳಿ ಸುತ್ತಿ ಟ್ಯೂಬಿನ ರಬ್ಬರ್ ಹಾಕಿ. ಪಟ್ಟಿಯ ಕೆಳಗೆ ಸಿಕ್ಕಿಸಿ ಬಿಟ್ಟರೆ ಅದು ಬಿಚ್ಚಿಕೊಂಡೇ ತೀರುತ್ತದೆ.

ಏಳನೆಯದನ್ನು ಹಗುರವಾಗಿ ತಗೋಬೇಡಿ. ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬನ ಪಟ್ಟಿಯ ಬಾಲ ಹಾಸನ ದಾಟಿದ ಮೇಲೆ ಚೈನಿಗೆ ಸಿಕ್ಕಿತು. ಎರಡೇ ಸೆಕೆಂಡಿನಲ್ಲಿ ಬ್ಯಾಗ್ ಎಡಕ್ಕೆ ಎಳೆದುಕೊಂಡು ಬಂತು. ಅವನು ಕ್ಲಚ್ ಹಿಡಿದು ನಿಧಾನವಾಗಿ ಬದಿಗೆ ತಂದದ್ದಕ್ಕೆ ಬಚಾವಾದ. ಸ್ಪ್ರಾಕೆಟಿಗೆ ಸುತ್ತಿಕೊಂಡ ನೈಲಾನನ್ನು ಚಾಕುವಿನಿಂದ ಎಳೆ ಎಳೆಯಾಗಿ ಕೊಯ್ದು ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು.

ಕೊನೆಗೆ ಪರೀಕ್ಷೆ. ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಗಾಡಿ ಅಲ್ಲಾಡಬೇಕು. ಬ್ಯಾಗ್ ಮಾತ್ರ ಅಲ್ಲಾಡಿದರೆ ಮೂರನೆಯ ಹೆಜ್ಜೆಯಿಂದ ಮತ್ತೆ ಶುರು ಮಾಡಿ.

## ಹಂತ 7: ಟ್ಯಾಂಕ್ ಬ್ಯಾಗ್

ಇದರಲ್ಲಿ ಹೇಳಲು ಜಾಸ್ತಿ ಇಲ್ಲ. ಕಟ್ಟಿದ ಮೇಲೆ ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ಪೂರ್ತಿ ತಿರುಗಿಸಿ. ಹಾರ್ನ್ ಒತ್ತಿಕೊಳ್ಳಬಾರದು, ಕೇಬಲ್ ಎಳೆಯಬಾರದು. ನಿಂತು ಸವಾರಿ ಮಾಡುವಾಗ ಹೊಟ್ಟೆಗೆ ತಾಗಬಾರದು. ಒಳಗೆ ತಿನ್ನುವುದನ್ನು ಇಟ್ಟಿದ್ದರೆ ಘಾಟಿಯ ವ್ಯೂ ಪಾಯಿಂಟಿನಲ್ಲಿ ಗಾಡಿ ಬಿಟ್ಟು ದೂರ ಹೋಗಬೇಡಿ. ಕೋತಿಗಳಿಗೆ ಜಿಪ್ ತೆಗೆಯಲು ಚೆನ್ನಾಗಿ ಬರುತ್ತದೆ.

## ಹಂತ 8: ಸಸ್ಪೆನ್ಷನ್, ಗಾಳಿ, ಹೆಡ್‌ಲೈಟ್

ಇಪ್ಪತ್ತು, ಮೂವತ್ತು ಕೆಜಿ ಹೇರಿದ ಗಾಡಿ ಹಿಂದೆ ತಗ್ಗುತ್ತದೆ. ಮುಂಭಾಗ ಎದ್ದು ತಿರುವಿನಲ್ಲಿ ಅಗಲಕ್ಕೆ ಓಡುತ್ತದೆ. ಇದಕ್ಕೆ ಹಿಂದಿನ ಪ್ರೀಲೋಡ್, ಅಂದರೆ ಸಸ್ಪೆನ್ಷನ್ನಿನ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನುವುದನ್ನು, ಏರಿಸಬೇಕು.

ಅಳೆಯುವ ಕ್ರಮ ಸುಲಭ. ಹಿಂದಿನ ಆಕ್ಸಲಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಟೇಪಿನ ಗುರುತು ಹಾಕಿ. ಲಗೇಜ್ ಇಲ್ಲದೆ ನೀವು ಕೂತಾಗ ಎಷ್ಟು ಸೆಂಟಿಮೀಟರ್ ಅಂತ ಒಬ್ಬರ ಹತ್ತಿರ ಅಳತೆ ಹಿಡಿಸಿ. ಲಗೇಜ್ ಕಟ್ಟಿದ ಮೇಲೆ ಮತ್ತೆ ಕೂತು ಅಳೆಸಿ. ಎರಡೂ ಹೆಚ್ಚುಕಡಿಮೆ ಒಂದೇ ಬರುವ ತನಕ ಪ್ರೀಲೋಡ್ ಏರಿಸಿ. ಎಷ್ಟು ಹಲ್ಲು ಏರಿಸಿದಿರಿ ಅಂತ ಬರೆದಿಡಿ, ಮನೆಗೆ ಬಂದ ಮೇಲೆ ಇಳಿಸಬೇಕಲ್ವಾ.

ಟೈರಿನ ಗಾಳಿ, ಇಬ್ಬರು ಕೂತಾಗ ಎಷ್ಟು ಅಂತ ಪುಸ್ತಕದಲ್ಲಿದೆಯೋ ಅಷ್ಟು. ಟೈರ್ ತಣ್ಣಗಿರುವಾಗ ನೋಡಿ. ಮಣ್ಣು ರಸ್ತೆಗೆ ಗಾಳಿ ಇಳಿಸುವವರು ಪಂಪ್ ಇದ್ದರೆ ಮಾತ್ರ ಇಳಿಸಿ.

ರಾತ್ರಿ ಗೋಡೆಯ ಎದುರು ಹೆಡ್‌ಲೈಟ್ ಹಾಕಿ ನೋಡಿ. ಮೇಲಕ್ಕೆ ಹೊಡೆಯುತ್ತಿದ್ದರೆ ಇಳಿಸಿ. ಎದುರಿಗೆ ಬರುವವರ ಕಣ್ಣು ಕುಕ್ಕಬಾರದು.

## ಹಂತ 9: ಹಿಂದಿನ ದಿನವೇ ಒಂದು ಸುತ್ತು

ಹೊರಡುವ ಬೆಳಗ್ಗೆ ಪರೀಕ್ಷೆ ಮಾಡುವುದು ತಡ. ಹಿಂದಿನ ದಿನ ಸಂಜೆ ಪೂರ್ತಿ ಕಟ್ಟಿದ ಗಾಡಿಯಲ್ಲಿ 20 ಕಿಲೋಮೀಟರ್ ಓಡಿಸಿ. ನಾಲ್ಕು ಹಂಪ್, ಒಂದು ಕೆಟ್ಟ ರಸ್ತೆ, ಖಾಲಿ ಜಾಗದಲ್ಲಿ ಎರಡು ಗಟ್ಟಿ ಬ್ರೇಕ್. ಮೊದಲ ಬ್ರೇಕಿನಲ್ಲೇ ಗೊತ್ತಾಗುತ್ತದೆ, ನಿಲ್ಲಲು ಈಗ ಜಾಸ್ತಿ ದೂರ ಬೇಕು.

ಮನೆಗೆ ಬಂದು ಇಂಜಿನ್ ಆರಿಸಿದ ಕೂಡಲೇ ಸೈಲೆನ್ಸರ್ ಕಡೆಯ ಬ್ಯಾಗಿನ ತಳಕ್ಕೆ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬ್ಯಾಗ್ ಮೇಲೆತ್ತಿ ಕಟ್ಟಿ. ಪಟ್ಟಿಗಳು ಸಡಿಲವಾಗಿರುತ್ತವೆ, ಹೆದರಬೇಡಿ. ಮೆತ್ತನೆ ಸಾಮಾನು ಕುಲುಕಿ ತಗ್ಗುವುದು ಸಹಜ. ಮತ್ತೆ ಬಿಗಿಯಿರಿ. ಪ್ರಯಾಣದ ದಿನವೂ ಮೊದಲ 30 ಕಿಲೋಮೀಟರಿಗೆ ಒಮ್ಮೆ ನಿಂತು ಬಿಗಿಯಿರಿ. ಆಮೇಲೆ ಟೀಗೆ ನಿಂತಾಗಲೆಲ್ಲ ಒಂದು ಕೈ ಹಾಕಿ ನೋಡಿದರೆ ಸಾಕು.

## ದಾರಿಯಲ್ಲಿ ಈ ಸೂಚನೆ ಕಂಡರೆ ತಕ್ಷಣ ನಿಲ್ಲಿಸಿ

ಹ್ಯಾಂಡಲ್ ಹಗುರ ಅನಿಸುವುದು, ವೇಗ ಏರಿದಂತೆ ಗಾಡಿ ಹಾವಿನ ಹಾಗೆ ಆಡುವುದು. ಭಾರ ಹಿಂದಕ್ಕೆ ಹೋಗಿದೆ, ಇಲ್ಲವೇ ಎಡ ಬಲ ಸಮ ಇಲ್ಲ, ಇಲ್ಲವೇ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ. ಗಟ್ಟಿಯಾಗಿ ಬ್ರೇಕ್ ಹಾಕಬೇಡಿ. ಆಕ್ಸಿಲರೇಟರ್ ನಿಧಾನ ಬಿಡುತ್ತಾ, ಹ್ಯಾಂಡಲ್ ಸಡಿಲವಾಗಿ ಹಿಡಿದು ಬದಿಗೆ ಬನ್ನಿ.

ಸುಟ್ಟ ವಾಸನೆ. ಬೇರೆಯವರ ಗಾಡಿಯದ್ದು ಅಂದುಕೊಳ್ಳಬೇಡಿ. ನಿಲ್ಲಿಸಿ ನೋಡಿ.

ಪಟಪಟ ಸದ್ದು. ಬಾಲ ಬಿಚ್ಚಿದೆ. ಮುಂದಿನ ಊರಿನವರೆಗೆ ಕಾಯಬೇಡಿ.

ಹಂಪ್ ಮೇಲೆ ಹಿಂದಿನಿಂದ ಢಬ್ ಅನ್ನುವುದು. ಸಸ್ಪೆನ್ಷನ್ ತಳ ಮುಟ್ಟುತ್ತಿದೆ. ಪ್ರೀಲೋಡ್ ಏರಿಸಿ, ಆಗಲೂ ನಿಲ್ಲದಿದ್ದರೆ ಭಾರ ಇಳಿಸಿ.

ಸೈಡ್ ಸ್ಟ್ಯಾಂಡ್ ಮೇಲೆ ಗಾಡಿ ತೀರಾ ನೆಟ್ಟಗೆ ಅಥವಾ ತೀರಾ ವಾಲಿ ನಿಲ್ಲುವುದು. ನೆಟ್ಟಗೆ ನಿಂತರೆ ಪ್ರೀಲೋಡ್ ಕಡಿಮೆ ಇರಬಹುದು, ವಾಲಿದರೆ ಹೆಚ್ಚಾಗಿರಬಹುದು ಅಥವಾ ಸ್ಟ್ಯಾಂಡ್ ಹೂತುಹೋಗುತ್ತಿರಬಹುದು. ಪ್ಲೈವುಡ್ ತುಂಡು ತೆಗೆಯಿರಿ.

## ಹಂತ 10: ಕ್ಯಾಂಪಿನಲ್ಲಿ, ಮತ್ತು ಮಾರನೇ ಬೆಳಗ್ಗೆ

ಬೆಳಕಿರುವಾಗ ತಲುಪಿ. ಸಂಜೆ 5 ಗಂಟೆ ನನ್ನ ಗಡಿ. ಅನುಮತಿ ಇಲ್ಲದೆ ಕಾಡಿನೊಳಗೆ ಟೆಂಟ್ ಹಾಕಬೇಡಿ. ಕಾಫಿ ತೋಟದ ಹೋಂಸ್ಟೇಗಳಲ್ಲಿ ಕೇಳಿದರೆ ಅಂಗಳದಲ್ಲಿ ಜಾಗ ಕೊಡುವವರಿದ್ದಾರೆ. ಬಂಡೀಪುರದ ಕಡೆಯಿಂದ ಹಾದುಹೋಗುವವರು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಬಿಚ್ಚುವ ಕ್ರಮ: ಟೇಲ್ ಬ್ಯಾಗ್, ಟೆಂಟ್, ಹಾಸಿಗೆ, ಆಮೇಲೆ ಅಡುಗೆ. ಪಟ್ಟಿಗಳನ್ನು ಗಾಡಿಯಿಂದ ತೆಗೆಯಬೇಡಿ, ಅವು ಹಾಗೇ ನಾಲ್ಕು ಜಾಗದಲ್ಲಿ ನೇತಾಡಲಿ. ಸ್ಯಾಡಲ್ ಬ್ಯಾಗಿನ ಒಳಚೀಲ ಮಾತ್ರ ತೆಗೆದುಕೊಂಡು ಹೊರಚೀಲ ಗಾಡಿಯಲ್ಲೇ ಬಿಡಿ.

ಊಟದ ಸಾಮಾನನ್ನು ಟೆಂಟಿನೊಳಗೂ ಇಡಬೇಡಿ, ಗಾಡಿಯ ಬ್ಯಾಗಿನಲ್ಲೂ ಬಿಡಬೇಡಿ. ಸಕಲೇಶಪುರ, ಆಲೂರು ಕಡೆಯ ತೋಟಗಳಿಗೆ ಆನೆ ಬರುತ್ತದೆ. ಬಾಳೆಹಣ್ಣು, ಹಲಸಿನ ಹಣ್ಣು ಟೆಂಟಿನ ಹತ್ತಿರ ಇರಲೇಬಾರದು. ತೋಟದ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಕೇಳಿ. ಆ ವಾರ ಆನೆ ಯಾವ ಕಡೆ ಇದೆ ಅನ್ನುವುದನ್ನೂ ಅವರೇ ಹೇಳುತ್ತಾರೆ.

ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಟೆಂಟಿನ ಒಳಗಿದ್ದುಕೊಂಡೇ ಸುತ್ತಿ, ಚೀಲಕ್ಕೆ ಹಾಕಿ, ಮೂರು ಸುತ್ತು ಮುಚ್ಚಿ. ಹೊರಗೆ ತಂದರೆ ಇಬ್ಬನಿ ಹಿಡಿಯುತ್ತದೆ. ಟೆಂಟಿನ ಹೊರಬಟ್ಟೆಯನ್ನು ಜೋರಾಗಿ ಕೊಡವಿ, ಅದಕ್ಕೇ ಇಟ್ಟ ಖಾಲಿ ಚೀಲಕ್ಕೆ ಹಾಕಿ. ಅದು ಟೇಲ್ ಬ್ಯಾಗಿನ ಒಳಗೆ ಬೇಡ, ಮೇಲೆ ಕಟ್ಟಿ. ಒದ್ದೆ ಟೆಂಟ್ ಬಂದ ದಿನಕ್ಕಿಂತ ಭಾರ ಇರುತ್ತದೆ, ಹಾಗಾಗಿ ಐದನೇ ಪಟ್ಟಿ ಅದಕ್ಕೆ. ಮಳೆಗಾಲದಲ್ಲಾದರೆ ಬಟ್ಟೆಯ ಮಡಿಕೆಯಲ್ಲಿ ಇಂಬಳ ಇದೆಯಾ ನೋಡಿ.

ಮಧ್ಯಾಹ್ನ ಊಟಕ್ಕೆ ನಿಂತ ಕಡೆ ಬಿಸಿಲಿದ್ದರೆ ಆ ಟೆಂಟ್ ತೆಗೆದು ಗಾಡಿಯ ಮೇಲೆ ಹರವಿ. ಊಟ ಮುಗಿಯುವಷ್ಟರಲ್ಲಿ ಅರ್ಧ ಒಣಗಿರುತ್ತದೆ. ಮನೆಗೆ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಅದನ್ನು ಬಿಚ್ಚಿ ಹಗ್ಗದ ಮೇಲೆ ಹಾಕಿ ಮಲಗಿ. ಎರಡು ದಿನ ಸುತ್ತಿದಂತೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ಕಲೆ ಹೋಗುವುದಿಲ್ಲ.